ಕಂಪನಿ ದಿಬ್ಬವೇ ನಮ್ಮ ಹೊಲ

ಆ ದಿನ ಕಂಪನಿ ದಿಬ್ಬದಲ್ಲಿ ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ನೆಮ್ಮದಿಯಿಂದ ಬರೆಯುವುದು ನನ್ನಿಂದಾಗದು. ಅವ್ವನಿಗೆ ಹಾವು ಕಡಿಯಬಹುದಿತ್ತು. ಕಲ್ಲೆತ್ತಿದಲ್ಲೆಲ್ಲ ಚೇಳಿರುವ ಸೀಮೆ ನಮ್ಮದು, ಹಾವು ಬಿಟ್ಟರೂ ಚೇಳು ಬಿಡುವ ಹಾಗಿರಲಿಲ್ಲ. ಒಡೆದ ಗಾಜು ಕಾಲಿಗೆ ನಟ್ಟು ಧನುರ್ವಾಯು ಆಗಬಹುದಿತ್ತು. ದಿಬ್ಬದಾಚೆ ಬಾಯಿ ತೆರೆದುಕೊಂಡಿದ್ದ ಹಳೆಯ ಗಣಿಯೊಳಗೆ ನಾನು ಬೀಳಬಹುದಿತ್ತು. ನನ್ನನ್ನು ಹಿಡಿಯಲು ಹೋಗಿ ಅಕ್ಕನೂ ಬೀಳಬಹುದಿತ್ತು. ಬಂಗಾರ ಬೇರ್ಪಡಿಸಲು ಬಳಸಿದ್ದ ವಿಷ ಆ ಮಣ್ಣಿನಲ್ಲಿ ಇನ್ನೂ ಉಳಿದಿದ್ದು, ಬೆವರೊರೆಸಿಕೊಂಡ ಕೈ ಬಾಯಿಗೆ ತಾಗಿ, ನಾವೆಲ್ಲ ಅಲ್ಲೇ ಸಾಲಾಗಿ ಮಲಗಿಬಿಡಬಹುದಿತ್ತು. ಗುಡ್ಡದಿಂದ ಕರಡಿ ಇಳಿಯಬಹುದಿತ್ತು. ಸರಕಾರದ ಜೀಪು ಬಂದು ನಮ್ಮನ್ನು ಠಾಣೆಗೆ ಕರೆದೊಯ್ಯಬಹುದಿತ್ತು. ಠಾಣೆ ಮೆಟ್ಟಿಲು ಹತ್ತಿದ ಮನೆಯ ಹೆಣ್ಣೆಂದು ಅಕ್ಕನನ್ನು ಯಾರೂ ಮದುವೆ ಮಾಡಿಕೊಳ್ಳದೆ ಹೋಗಬಹುದಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಬಂಗಾರ ಸಿಗಬಹುದಿತ್ತು. ಇದು ಅಪ್ಪ ಬಾಯಿಬಿಟ್ಟು ಹೇಳುತ್ತಿದ್ದ ಹೆದರಿಕೆಗಳಲ್ಲೆಲ್ಲ ದೊಡ್ಡದು.

"ಸಿಕ್ರ ಏನ್ ಮಾಡೂದು? ಮನ್ಯಾಗ ಇಟ್ಕೊಂಡ್ರ ಕಳ್ಳರು ಬರ್ತಾರ. ಸರಕಾರಕ್ಕ ಕೊಟ್ರ, ಉಳದದ್ದು ಎಲ್ಲಿ ಮುಚ್ಚಿಟ್ಟೀರಿ ಅಂತಾರ. ವಾಪಸ್ ಹುಗದ್ರ ನನಗ ನಿದ್ದಿ ಬರೂದಿಲ್ಲ."

"ಸಿಗೂದಿಲ್ಲ ಬಿಡ್ರಿ," ಎನ್ನುತ್ತಿದ್ದಳು ಅವ್ವ. "ಅಷ್ಟು ಕೆಟ್ಟ ನಸೀಬ ನಮ್ಮದಲ್ಲ."

ಈ ಯಾದಿ ಮೂಲದಲ್ಲಿ ಅಪ್ಪನದು. ನಾನು ಅದನ್ನು ಮುಂದುವರಿಸಿಕೊಂಡು ಬಂದಿದ್ದೇನೆ, ಅಷ್ಟೇ. ಬೇರೆ ಮನೆಗಳ ಮಕ್ಕಳು ದೀಪ ಹಚ್ಚುವ ಹೊತ್ತಿಗೆ ಶ್ಲೋಕ ಕಲಿತ ಹಾಗೆ ನಾನು ಹೊಲಿಗೆ ಯಂತ್ರದ ಪಕ್ಕ ಕೂತು, ಏನೇನು ಕೆಡಬಹುದು ಎಂಬುದನ್ನು ಕಲಿತೆ. ಈಗ ಐವತ್ತು ದಾಟಿದೆ. ಮುನಿರಾಬಾದಿನಲ್ಲಿ ನೌಕರಿ, ಅಣೆಕಟ್ಟಿನ ಕೆಳಗೇ ಮನೆ. ಮಳೆಗಾಲದಲ್ಲಿ ಎದ್ದು ಹೋಗಿ ನದಿಯ ಸಪ್ಪಳ ಕೇಳಿ ಬಂದು ಮತ್ತೆ ಮಲಗುತ್ತೇನೆ. ನನ್ನ ಗಂಡ ಇದನ್ನು ಕಾಯಿಲೆ ಅನ್ನುತ್ತಾರೆ. ನಾನು ಪಿತ್ರಾರ್ಜಿತ ಅನ್ನುತ್ತೇನೆ. ಅಪ್ಪನಿಂದ ನನಗೆ ಬೇರೆ ಯಾವ ಆಸ್ತಿಯೂ ಬಂದಿಲ್ಲವಾದ್ದರಿಂದ ಇದನ್ನಾದರೂ ಜೋಪಾನ ಮಾಡುವುದು ನನ್ನ ಕರ್ತವ್ಯ.

ತಾವರಗೇರಾದಲ್ಲಿ ಬಸ್ಸಿಳಿದು ಒಳದಾರಿಯಲ್ಲಿ ನಡೆದರೆ ನಮ್ಮೂರು. ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ನಡುವೆ ಬೆಳಕಿಂಡಿ ಇದ್ದ ನಡುಮನೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಅದರ ಹಿಂದೆ ಹಿತ್ತಲು. ಪಡಸಾಲೆಯಲ್ಲಿ ಅಪ್ಪನ ಹೊಲಿಗೆ ಯಂತ್ರ. ಅಲ್ಲಿ ಕೂತರೆ ಓಣಿಯ ತುದಿಯಾಚೆ ಹುಣಸೆ ಮರ, ಅದರಾಚೆ ಬೂದಿ ಬಣ್ಣದ ಕಂಪನಿ ದಿಬ್ಬ ಕಾಣುತ್ತಿತ್ತು. ನಿಜಾಮನ ಕಾಲದಲ್ಲಿ ಬಿಳಿ ದೊರೆಗಳು ಬಂದು ಅಲ್ಲಿ ಬಂಗಾರ ತೆಗೆದಿದ್ದರಂತೆ. ಬಂಗಾರ ಅವರು ಒಯ್ದರು, ಕಲ್ಲು ಕುಟ್ಟಿ ಉಳಿದ ಪುಡಿಮಣ್ಣನ್ನು ನಮಗೆ ಬಿಟ್ಟು ಹೋದರು. ಯಾವ ಕಂಪನಿ, ಯಾವ ದೊರೆ ಎಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವ್ವ ದಿಬ್ಬಕ್ಕೆ ಹೋದ ದಿನ ಅಪ್ಪನ ಒಂದು ಕಣ್ಣು ಬಟ್ಟೆಯ ಮೇಲೆ, ಇನ್ನೊಂದು ದಿಬ್ಬದ ಮೇಲೆ. ಆ ವರ್ಷಗಳಲ್ಲಿ ನಮ್ಮೂರ ಗಂಡಸರ ಪಾಯಿಜಾಮದ ಒಂದು ಕಾಲು ಉದ್ದವಾಗಿದ್ದರೆ ಅದಕ್ಕೆ ಅವ್ವನೇ ಕಾರಣ.

ಅವ್ವ ದಿಬ್ಬ ಅಗೆಯಲು ಶುರುಮಾಡಿದ್ದು ಒಂದು ಎಳ್ಳಮವಾಸ್ಯೆಯ ದಿನ. ಹೊಲ ಇದ್ದವರು ಅಂದು ಬಂಡಿ ಕಟ್ಟಿಕೊಂಡು ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿ, ಅಂದರೆ ಮಾಡಿದ ಅಡುಗೆಯನ್ನು ಬೆಳೆಯ ಮೇಲೆಲ್ಲ ಎರಚಿ, ಅಲ್ಲೇ ಕೂತು ಉಂಡು ಬರುತ್ತಾರೆ. ನಮಗೆ ಹೊಲ ಇರಲಿಲ್ಲ. ಪ್ರತಿ ವರ್ಷ ಯಾರಾದರೂ ಕರೆಯುತ್ತಿದ್ದರು, ನಾವು ಯಾರದೋ ಹೊಲದಲ್ಲಿ ಬೇರೆಯವರ ಕಡಬು ತಿಂದು, ಬೇರೆಯವರ ಜೋಳ ಎಷ್ಟು ಚಲೋ ಬಂದಿದೆ ಎಂದು ಹೊಗಳಿ ಬರುತ್ತಿದ್ದೆವು. ಆ ವರ್ಷ ಅವ್ವ ಯಾರಿಗೂ ಹೇಳದೆ ಸಜ್ಜೆ ಕಡಬು, ಪುಂಡಿಪಲ್ಯ, ಎಣ್ಣೆಗಾಯಿ ಮಾಡಿ ಬುಟ್ಟಿಗೆ ತುಂಬಿ, ನನ್ನನ್ನೂ ಶಾಂತಕ್ಕನನ್ನೂ ಕರೆದುಕೊಂಡು ನೆಟ್ಟಗೆ ಕಂಪನಿ ದಿಬ್ಬಕ್ಕೆ ನಡೆದಳು. ಹುಲ್ಲುಕಡ್ಡಿ ಹುಟ್ಟದ ಆ ಮಣ್ಣಿನ ಮೇಲೆ ಚರಗ ಚೆಲ್ಲಿದಳು. ಅಲ್ಲೇ ಉಂಡೆವು. ಉಂಡು ಕೈ ತೊಳೆದ ನೀರು ಹರಿದ ಜಾಗದಲ್ಲಿ ಹಸಿರು ಗಾಜಿನ ಸೀಸೆಯ ಕತ್ತು ಕಂಡಿತು. ಭೂಮಿತಾಯಿ ಅಷ್ಟು ಬೇಗ ಉತ್ತರ ಕೊಟ್ಟ ಮೇಲೆ ಅವ್ವನನ್ನು ತಡೆಯುವವರು ಯಾರು?

ಊರಲ್ಲಿ ನಕ್ಕರು. ಬಾಜೂ ಮನೆಯ ಖಾಜಾಬಿ ಎಲ್ಲರಿಗಿಂತ ಜೋರಾಗಿ ನಕ್ಕಳು.

"ಗೌರಕ್ಕಾ, ಈ ವರ್ಷ ನಿನ್ನ ಹೊಲದಾಗ ಪೀಕ ಹೆಂಗೈತಿ? ಬಾಟ್ಲಿ ತೆನಿ ಕಟ್ಟ್ಯಾವೇನು?"

"ನಗು ನಗು," ಎಂದಳು ಅವ್ವ. "ನಿಮ್ಮ ಹೊಲದಾಗ ಮಳಿ ಬಂದ್ರ ಬಿತ್ತಬೇಕು, ಹರಗಬೇಕು, ಕಾಯಬೇಕು. ನಮ್ಮ ಹೊಲದಾಗ ಮಳಿ ಬಂತಂದ್ರ ಮರುದಿನ ರಾಶಿ."

ಅದು ಸುಳ್ಳಾಗಿರಲಿಲ್ಲ. ಮಳೆ ದಿಬ್ಬವನ್ನು ತೊಳೆದು ಒಳಗಿನದನ್ನು ಹೊರಗಿಡುತ್ತಿತ್ತು. ಬಂಗಾರ ಕರಗಿಸುತ್ತಿದ್ದ ಸುಟ್ಟ ಮಣ್ಣಿನ ಮೂಸೆಗಳು, ತುಕ್ಕು ಹಿಡಿದ ಹಳಿಯ ತುಂಡು, ಕಾರ್ಬೈಡ್ ದೀಪದ ಹಿತ್ತಾಳೆ ತಲೆ. ದಿಬ್ಬದ ಒಂದು ಮಗ್ಗುಲಿಗೆ ದೊರೆಯ ಬಂಗಲೆಯ ತಿಪ್ಪೆ ಇತ್ತು. ಅಲ್ಲಿ ಸೀಸೆ, ಗುಂಡಿ, ಪಿಂಗಾಣಿ. ಅವ್ವನ ಕಾನೂನು ಸರಳ: ಬಂಗಲೆ ಮಗ್ಗುಲಿನದು ಬೂದಿ ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು, ಬಿಸಿಲಲ್ಲಿ ಒಣಗಿ, ಅಡುಗೆಮನೆಗೆ ಬರಬಹುದು. ಗಣಿ ಮಗ್ಗುಲಿನದು ಹಿತ್ತಲು ದಾಟುವಂತಿಲ್ಲ. ಹಾಗಾಗಿ ನಮ್ಮ ಹಿತ್ತಲಲ್ಲಿ ಕೋಳಿಗಳು ಮೂಸೆಯಲ್ಲಿ ನೀರು ಕುಡಿಯುತ್ತಿದ್ದವು, ದನ ಇಲ್ಲದ ಮನೆಯ ಹಿತ್ತಲಿಗೆ ಹಳಿಯ ತುಂಡಿನ ಗೂಟ ಇತ್ತು, ಅಡುಗೆಮನೆಯ ಗೋಡೆಯ ಮಾಡಗಳಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು, ಉಪ್ಪು ಎಲ್ಲ ದೊರೆಯ ಸೀಸೆಗಳಲ್ಲಿ ಕೂತಿದ್ದವು. ಅಪ್ಪ ಮಾತ್ರ ಆ ಹಿಂಡಿಯನ್ನು ಮೊದಲು ನಾಲಿಗೆಯ ತುದಿಗೆ ಇಟ್ಟುಕೊಂಡು, ಸ್ವಲ್ಪ ಹೊತ್ತು ಬೆಳಕಿಂಡಿ ನೋಡುತ್ತ ಕೂತು, ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ನಮಗೆ ಉಣ್ಣಲು ಬಿಡುತ್ತಿದ್ದ. ಹಸಿದ ಮಕ್ಕಳಿಗೆ ಅದು ಬಹಳ ದೀರ್ಘವಾದ ಪೂಜೆ.

ನಡುಮನೆಯ ದೊಡ್ಡ ಮಾಡದಲ್ಲಿ ನೀಲಿ ಅಂಚಿನ ಬಿಳಿಯ ಚಹಾ ಕಪ್ಪು-ಬಸಿಗಳು ಒಂದೊಂದಾಗಿ ಸೇರುತ್ತಿದ್ದವು. ಒಂದಕ್ಕೆ ಹಿಡಿ ಇಲ್ಲ, ಇನ್ನೊಂದಕ್ಕೆ ಅಂಚು ಇಲ್ಲ. ಆದರೆ ಜಾತಿ ಒಂದೇ. ಹಾಲಿನ ಗಿಂಡಿ ಬಂತು. ಚಹಾದ ಕಿಟ್ಲಿಯ ಮುಚ್ಚಳ ಬಂತು. ಕಿಟ್ಲಿ ಬರಲಿಲ್ಲ. ನಮ್ಮ ಮನೆಯಲ್ಲಿ ಚಹಾ ಕುದಿಯುತ್ತಿದ್ದುದು ಅಲ್ಯುಮಿನಿಯಂ ಬೋಗುಣಿಯಲ್ಲಿ, ಕುಡಿಯುತ್ತಿದ್ದುದು ಸ್ಟೀಲಿನ ಲೋಟದಲ್ಲಿ. ಕಿಟ್ಲಿಯಿಂದ ಯಾವ ಉಪಯೋಗವೂ ಇರಲಿಲ್ಲ. ಆದರೂ ಅವ್ವನಿಗೆ ಅದು ಬೇಕಾಗಿತ್ತು. ಬೇಕಾದದ್ದೆಲ್ಲ ಉಪಯೋಗದ ಸಾಮಾನೇ ಆಗಿದ್ದ ಮನೆಯಲ್ಲಿ, ಬೇಕು ಅನ್ನಿಸಿದ್ದಕ್ಕೇ ಬೇಕು ಎಂದು ಅವ್ವ ಹಟ ಹಿಡಿದದ್ದು ಅದೊಂದನ್ನೇ.

"ಮುಚ್ಚಳ ಒಂದೇ ಕುಂತೈತಿ ನೋಡು," ಎನ್ನುತ್ತಿದ್ದಳು ನನಗೆ. "ಮುಚ್ಚೂದು ಏನು ಅಂತ ಅದಕ್ಕೂ ಗೊತ್ತಿಲ್ಲ."

ಒಮ್ಮೆ ಅಪ್ಪನ ಅಕ್ಕ, ಕುಕನೂರಿನ ಅತ್ತೆ, ಬಂದು ನಾಲ್ಕು ದಿನ ಇದ್ದಳು. ಅವ್ವ ದಿಬ್ಬಕ್ಕೆ ಹೊರಟಿದ್ದಳು, ಪಡಸಾಲೆಯಿಂದ ಅಪ್ಪ ಹಾವಿನಿಂದ ಶುರುಮಾಡಿ ಬಂಗಾರದವರೆಗೆ ಹೇಳಿ ಮುಗಿಸಿದ್ದ. ಒಳಗೆ ನಾನು ಅಪ್ಪನ ದನಿಯನ್ನೇ ಅನುಕರಿಸಿ ನಗುತ್ತಿದ್ದೆ. ಬದನೆಕಾಯಿ ಹೆಚ್ಚುತ್ತಿದ್ದ ಅತ್ತೆ ನಗಲಿಲ್ಲ.

"ನಿಮ್ಮಪ್ಪ ಎಲ್ಲಾ ಹೇಳ್ತಾನ ಗಿರಿಜಿ. ಒಂದು ಬಿಟ್ಟು."

"ಏನು ಬಿಟ್ಟಾನ ಅತ್ತಿ?"

"ನಮ್ಮವ್ವ ಹೆಂಗ ಹೋದ್ಲು, ನಿನಗ ಯಾರೂ ಹೇಳಿಲ್ಲೇನು?"

ಹಬ್ಬಕ್ಕೆ ಗೋಡೆ ಸಾರಿಸಲು ಹೆಂಗಸರು ಬಿಳಿಮಣ್ಣು ತರಲು ಹೋಗುತ್ತಿದ್ದ ಕುಣಿ ಊರ ಹೊರಗಿತ್ತು. ಮೇಲಿನ ಮಣ್ಣು ಕರಿದು, ಬಿಳಿಯದು ಅಡಿಯಲ್ಲಿ. ಆದ್ದರಿಂದ ಎಲ್ಲರೂ ಮಗ್ಗುಲಿನಿಂದ ಕೊರೆಯುತ್ತಿದ್ದರು, ಗವಿಯ ಹಾಗೆ. ಅಜ್ಜಿ ಒಳಗಿದ್ದಾಗ ಗವಿಯ ಚಾವಣಿ ಕುಸಿದುಬಿಟ್ಟಿತು.

"ನಿಮ್ಮಪ್ಪ ಬುಟ್ಟಿ ಹಿಡಕೊಂಡು ಹೊರಗ ನಿಂತಿದ್ದ. ಅವ್ವ ತುಂಬಿಸಿ ಕೊಡ್ತಾಳಂತ. ಮಂದಿ ಬಂದು ಮಣ್ಣು ತೆಗದ್ರು, ಹೆಣಾ ತೆಗದ್ರು. ಇವನ ಕೈಯಾಗಿಂದ ಆ ಬುಟ್ಟಿ ತೆಗ್ಯಾಕ ಆಗಲಿಲ್ಲ ಯಾರಿಗೂ."

ನಾನು ಯಾದಿಯನ್ನು ಮನಸ್ಸಿನಲ್ಲೇ ಮೊದಲಿಂದ ಕೊನೆಯವರೆಗೆ ಓಡಿಸಿದೆ. ಹಾವು, ಚೇಳು, ಗಾಜು, ಗಣಿ, ವಿಷ, ಕರಡಿ, ಜೀಪು, ಬಂಗಾರ. ಮಣ್ಣು ಇರಲಿಲ್ಲ. ದಿನಾ ಕೇಳಿದ್ದೆ, ಎಂದೂ ಇರಲಿಲ್ಲ. ಸಂಜೆ ಹಿತ್ತಲಲ್ಲಿ ಸೀಸೆ ತಿಕ್ಕುತ್ತಿದ್ದ ಅವ್ವನ ಮುಂದೆ ಹೋಗಿ, ಇದು ನಿನಗೆ ಗೊತ್ತಾ ಎಂದು ಕೇಳಿದೆ.

"ಗೊತ್ತೈತಿ," ಎಂದಳು, ತಿಕ್ಕುವುದನ್ನು ನಿಲ್ಲಿಸದೆ.

"ಮತ್ತ ಅಪ್ಪಗ ನೀ ಯಾಕ ಏನೂ ಅನ್ನೂದಿಲ್ಲ?"

"ಅವರ ಬಾಯಿಗೆ ಬರವಲ್ದು. ನಾ ಹೆಂಗ ಎತ್ಲಿ? ನಾ ಹೆಂಗ ಅಗೀತೀನಿ ನೋಡೀಯಿಲ್ಲೋ?"

ನೋಡಿದ್ದೆ, ಕಂಡಿರಲಿಲ್ಲ. ದಿಬ್ಬಕ್ಕೆ ಬರುತ್ತಿದ್ದ ಉಳಿದವರು, ಕಬ್ಬಿಣ ಹುಡುಕುವವರು, ಮಗ್ಗುಲಿನಿಂದ ಕೊರೆಯುತ್ತಿದ್ದರು, ಅದು ಬೇಗ. ಅವ್ವ ಯಾವಾಗಲೂ ನೆತ್ತಿಯಿಂದ. ಅಂಗೈಯಗಲದ ಸಾಮಾನಿಗಾಗಿ ಬಂಡಿಗಟ್ಟಲೆ ಮಣ್ಣು ಮೇಲಿಂದ ಕೆಳಗೆ ಎಳೆದು ಹಾಕಿ, ತಲೆಯ ಮೇಲೆ ಆಕಾಶ ಬಿಟ್ಟು ಬೇರೇನೂ ಇಲ್ಲವೆಂದಾದ ಮೇಲೇ ಕುಣಿಗೆ ಇಳಿಯುತ್ತಿದ್ದಳು. ಮಂದಿ ಅದನ್ನು ಹೆಡ್ಡತನ ಎನ್ನುತ್ತಿದ್ದರು. ಅಂದರೆ ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಮಾತನ್ನು ಆಡದೆ ಬದುಕುತ್ತಿದ್ದರು. ಅಪ್ಪ ಬೇರೆಯದನ್ನೆಲ್ಲ ಹೇಳಿ, ಅವ್ವ ಏನೂ ಹೇಳದೆ. ಇಬ್ಬರ ನಡುವೆ ನಾನು, ಅದನ್ನೂ ಸೇರಿಸಿ ಎಲ್ಲಕ್ಕೂ ಹೆದರುವ ಕೆಲಸ ವಹಿಸಿಕೊಂಡೆ.

ಆಮೇಲೊಂದು ವರ್ಷ ದಿಬ್ಬವನ್ನು ಅಳೆಯಲು ಜನ ಬಂದರು. ಸುತ್ತ ಕೆಂಪು ಬಣ್ಣ ಬಳಿದ ಕಲ್ಲು ನೆಟ್ಟರು. ಹಳೆಯ ಪುಡಿಮಣ್ಣಿನಲ್ಲಿ ಇನ್ನೂ ಬಂಗಾರ ಉಳಿದಿದೆ, ಅದನ್ನು ಯಾರೋ ಒಯ್ದು ಮತ್ತೆ ಸೋಸುತ್ತಾರೆ, ಸೋಮವಾರದಿಂದ ತಂತಿ ಬೇಲಿ, ಒಳಗೆ ಯಾರೂ ಕಾಲಿಡುವಂತಿಲ್ಲ ಎಂದು ಡಂಗುರ ಆಯಿತು. ಶನಿವಾರ ಅಡ್ಡಮಳೆ ಸುರಿಯಿತು. ಮಳೆ ನಿಂತ ಮೇಲೆ ಓಡಿ ಹೋದ ಶಾಂತಕ್ಕ ಏದುತ್ತ ಬಂದು, ಬಂಗಲೆ ಮಗ್ಗುಲಿನ ಗೋಡೆಯಂಥ ಮಣ್ಣಿನಲ್ಲಿ ಬೆಳ್ಳಗೆ ಕಿಟ್ಲಿಯಂಥ ಹೊಟ್ಟೆಯೊಂದು ಕಾಣುತ್ತಿದೆ, ನೀಲಿ ಗೆರೆ ಇದೆ ಎಂದಳು. ಅವ್ವ ಹೋಗಿ ದೂರದಿಂದಲೇ ನೋಡಿ ಬಂದಳು. ಬಂದವಳು ಹಿಟ್ಟು ಕಲಸಲು ಕೂತಳು. ಆ ಹೊಟ್ಟೆಯ ಮೇಲೆ ಮಣ್ಣು ಛಜ್ಜೆಯ ಹಾಗೆ ಮುಂದೆ ಚಾಚಿತ್ತು. ಅದನ್ನು ನೆತ್ತಿಯಿಂದ ಇಳಿಸುವುದೆಂದರೆ ಒಬ್ಬ ಹೆಂಗಸಿಗೆ ವಾರದ ಕೆಲಸ. ಉಳಿದಿದ್ದು ಭಾನುವಾರ ಒಂದೇ. ಮಗ್ಗುಲಿನಿಂದ ಕೈ ಹಾಕಿದರೆ ಅರ್ಧ ತಾಸು.

ಅಪ್ಪ ಯಂತ್ರ ಬಿಟ್ಟೆದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು ಯಾದಿ ಶುರುಮಾಡಿದ. ಒಮ್ಮೆ ಮುಗಿಸಿ ಮತ್ತೆ ಮೊದಲಿಂದ ಹೇಳಿದ. ಕರಡಿಯ ಜೊತೆ ತೋಳವನ್ನೂ ಸೇರಿಸಿದ. ಕೊನೆಗೆ ದನಿ ಏರಿತು.

"ಒಂದು ಕಿಟ್ಲಿ ಸಲುವಾಗಿ! ನಾಳಿ ಕೊಪ್ಪಳಕ್ಕ ಹೋಗಿ ಹೊಸಾದು ತಂದ್ರ ಆತಿಲ್ಲೋ?"

"ಮುಗೀತೇನ್ರಿ?" ಎಂದಳು ಅವ್ವ. "ಇನ್ನೊಂದೇನರ ಉಳದಿದ್ರ ಈಗ ಹೇಳ್ರಿ."

ಅಪ್ಪ ಬಾಯಿ ತೆರೆದ. ಆಮೇಲೆ ಅವನು ಬಾಯಿ ಮುಚ್ಚಿಕೊಂಡು ಪಡಸಾಲೆಗೆ ಹೋದ. ಆ ದಿನ ಊಟಕ್ಕೆ ಬರಲಿಲ್ಲ. ಅವ್ವ ಅವನ ಪಾಲಿನ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿಟ್ಟಳು.

ಭಾನುವಾರ ಬೆಳಗ್ಗೆ ಅವ್ವ ಬುಟ್ಟಿ, ಗುದ್ದಲಿ, ಸಲಿಕೆ, ಕಳೆ ತೆಗೆಯುವ ಕುರುಪಿ ತೆಗೆದುಕೊಂಡು ಮುಂದೆ, ನಾವಿಬ್ಬರು ಹಿಂದೆ. ಅವ್ವ ದಿಬ್ಬದ ನೆತ್ತಿಗೆ ಹತ್ತಲಿಲ್ಲ. ನೆಟ್ಟಗೆ ಆ ಛಜ್ಜೆಯ ಬಳಿಗೆ ಹೋಗಿ, ಸೆರಗು ಸಿಕ್ಕಿಸಿ, ಮೊಳಕಾಲೂರಿ ಕೂತಳು. ಕುರುಪಿ ಕೈಯಲ್ಲಿತ್ತು. ಬೇಡ ಅನ್ನಬೇಕೆಂದು ನನಗೆ ಬಹಳ ಅನ್ನಿಸಿತು. ಆದರೆ ಆ ಒಂದು ಮಾತು ಆಡದೆ ಇರುವುದನ್ನು ನಾನೂ ಮನೆಯಲ್ಲೇ ಕಲಿತಿದ್ದೆ. ಅಷ್ಟರಲ್ಲಿ ಹಿಂದೆ ಯಾರೋ ಏದುವ ಸಪ್ಪಳ. ಅಪ್ಪ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ಹೆಗಲ ಮೇಲೆ ಖಾಜಾಬಿಯ ಮನೆಯ ಬಾವಿಹಗ್ಗ. ಇಷ್ಟು ವರ್ಷದಲ್ಲಿ ದಿಬ್ಬಕ್ಕೆ ಅವನು ಕಾಲಿಟ್ಟದ್ದು ಅದೇ ಮೊದಲು.

"ಗೌರಾ," ಎಂದ. ಅವ್ವನನ್ನು ಅವನು ಹೆಸರು ಹಿಡಿದು ಕರೆದದ್ದನ್ನು ನಾವು ಎಂದೂ ಕೇಳಿರಲಿಲ್ಲ. "ಗೌರಾ, ಮಣ್ಣು ಬೀಳತೈತಿ."

ಅವ್ವ ಕುರುಪಿಯನ್ನು ನೆಲಕ್ಕಿಟ್ಟಳು. ಎದ್ದು ಛಜ್ಜೆಯ ಕೆಳಗಿಂದ ಹೊರಗೆ ಬಂದು ಅವನ ಮುಂದೆ ನಿಂತಳು.

"ಹೌದ್ರಿ. ಬೀಳತೈತಿ. ಅದಕ್ಕ ಮ್ಯಾಲಿಂದ ನಾವಽ ಬೀಳಸೂಣು, ಬರ್ರಿ."

ಅವ್ವ ಅಲ್ಲಿ ಅಗೆಯಲು ಕೂತಿದ್ದಳೋ, ಆ ಮಾತಿಗಾಗಿ ಕಾಯುತ್ತ ಕೂತಿದ್ದಳೋ, ನನಗೆ ಇಂದಿಗೂ ಗೊತ್ತಿಲ್ಲ. ಆಮೇಲೆ ಎಷ್ಟೋ ವರ್ಷದ ನಂತರ ಕೇಳಿದ್ದಕ್ಕೆ, "ಕಿಟ್ಲಿ ಬೇಕಾಗಿತ್ತವ್ವಾ," ಎಂದಷ್ಟೇ ಹೇಳಿದಳು.

ನಾಲ್ಕೂ ಜನ ನೆತ್ತಿ ಹತ್ತಿದೆವು. ಅಪ್ಪ ಗುದ್ದಲಿ ಹಿಡಿದಿದ್ದು ಬಹುಶಃ ಅದೇ ಮೊದಲು. ಅವನು ಮೊದಲು ಒಂದು ಕಡ್ಡಿಯಿಂದ ಮಣ್ಣಿನ ಮೇಲೆ ನೇರ ಗೆರೆ ಎಳೆದ, ಬಟ್ಟೆಗೆ ಸೀಮೆಸುಣ್ಣ ಹಾಕುವ ಹಾಗೆ, ಮತ್ತು ಆ ಗೆರೆಯ ಮೇಲೇ ಕಡಿಯಬೇಕೆಂದು ಹಟ ಹಿಡಿದ.

"ಇದೇನು ಜಂಪರ ಏನ್ರಿ?" ಎಂದು ಅವ್ವ ನಕ್ಕಳು.

"ಸೊಟ್ಟ ಕಡದ್ರ ಸೊಟ್ಟ ಬೀಳತೈತಿ," ಎಂದ ಅಪ್ಪ ಗಂಭೀರವಾಗಿ. ಅಂದು ಅವನ ಬಾಯಿಂದ ‘ಬೀಳತೈತಿ’ ಎಂಬ ಮಾತು ಎಷ್ಟು ಸಲ ಬಂತೋ! ಇಷ್ಟು ದಿನ ಹಿಡಿದಿಟ್ಟದ್ದನ್ನೆಲ್ಲ ಒಂದೇ ದಿನ ಆಡಿ ಮುಗಿಸುವವನಂತೆ, ಈ ಕಡೆ ಬೀಳತೈತಿ, ಆ ಕಡೆ ಬೀಳತೈತಿ, ಗಿರಿಜಿ ಸರಿ, ಬೀಳತೈತಿ. ಪ್ರತಿ ಸಲವೂ ಅವ್ವ ಹ್ಞೂಂ ಅನ್ನುತ್ತಿದ್ದಳು. ಅಪ್ಪನ ಅಂಗೈಯಲ್ಲಿ ಬೊಬ್ಬೆ ಎದ್ದವು. ಮಧ್ಯಾಹ್ನ ಅರಿವೆ ಬಿಚ್ಚಿ ಹಿಂದಿನ ದಿನದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಹಿಂಡಿ ತಿಂದೆವು. ಅಪ್ಪ ಹಿಂಡಿಯನ್ನು ನಾಲಿಗೆಗೆ ಇಟ್ಟು ನೋಡದೆ ಹಾಗೇ ಉಂಡ. ಬಿಸಿಲು ಇಳಿಯುವ ಹೊತ್ತಿಗೆ ಛಜ್ಜೆ ಇಡಿಯಾಗಿ ಕೆಳಗೆ ಕೂತಿತ್ತು, ಮಣ್ಣನ್ನು ಆಚೆ ಎಳೆದಿದ್ದೆವು, ಕಿಟ್ಲಿ ಇದ್ದ ಜಾಗ ಮೊಳಕಾಲುದ್ದದ ಒಂದು ಕುಣಿಯಾಗಿತ್ತು. ಕೋಳಿಮರಿ ಬಿದ್ದರೂ ತಾನೇ ಹತ್ತಿ ಬರುವಂಥದ್ದು.

ಆದರೂ ಹಗ್ಗ ತಂದಾಗಿತ್ತು. ಅಪ್ಪ ಒಂದು ತುದಿಯನ್ನು ಅವ್ವನ ನಡುವಿಗೆ ಕಟ್ಟಿದ. ಕೈ ಜಾರಿದರೆ ಎಂದು ಇನ್ನೊಂದು ತುದಿಯನ್ನು ತನ್ನ ನಡುವಿಗೇ ಕಟ್ಟಿಕೊಂಡ. ದರ್ಜಿಯ ಗಂಟು; ಒಂದರ ಮೇಲೆ ಒಂದು. ಅವ್ವ ಕೈ ಎತ್ತಿ ನಿಂತು ಕಟ್ಟಿಸಿಕೊಂಡಳು. ಆಡು ಹೊಡೆದುಕೊಂಡು ಬರುತ್ತಿದ್ದ ಫಕೀರಪ್ಪ ನಿಂತು ನೋಡಿದ.

"ಮಾವಾ, ಅತ್ತಿನ್ನ ಪಾತಾಳಕ್ಕ ಇಳಸಾಕತ್ತೀರೇನು?"

"ನಿನ್ನ ಆಡು ದೂರ ಹೊಡಿ," ಎಂದ ಅಪ್ಪ. "ಮಣ್ಣು ಸಡ್ಲ ಐತಿ."

ಅವ್ವ ಬಗ್ಗಿ, ಕುರುಪಿಯಿಂದ ಮೆಲ್ಲಗೆ ಬಿಡಿಸಿ, ಎರಡೂ ಕೈಯಲ್ಲಿ ಕಿಟ್ಲಿಯನ್ನು ಎತ್ತಿದಳು. ಹಿಡಿ ಇರಲಿಲ್ಲ. ಮೂತಿ ಇತ್ತು, ಹೊಟ್ಟೆ ಬಿರುಕಿಲ್ಲದೆ ಇಡಿಯಾಗಿತ್ತು, ನೀಲಿ ಗೆರೆ ಅದೇ ನೀಲಿ. ಆ ಹೊತ್ತಿಗೆ ಆಡೊಂದು ದಿಬ್ಬ ಹತ್ತಿ ಬೆಣಚುಕಲ್ಲಿನ ಎರಡು ಹರಳು ಉರುಳಿಸಿತು. ಅಪ್ಪ ಕಣ್ಣು ಮುಚ್ಚಿ, ಇದ್ದ ಬಲವನ್ನೆಲ್ಲ ಹಾಕಿ ಹಿಂದಕ್ಕೆ ಜಿಗಿದ. ಅವ್ವ ಧೊಪ್ಪನೆ ಕೂತಳು. ಕಿಟ್ಲಿ ಮಾತ್ರ ಎತ್ತಿದ ಕೈಯಲ್ಲೇ ಉಳಿಯಿತು.

"ಹೆಂಡ್ತಿನ್ನ ಎತ್ತಾಕತ್ತೀರೋ, ಎಮ್ಮಿ ಜಗ್ಗಾಕತ್ತೀರೋ?" ಎಂದು ಕೂತಲ್ಲಿಂದಲೇ ಚೀರಿದಳು. ಆಮೇಲೆ ನಗಲು ಶುರುಮಾಡಿದಳು. ನಿಲ್ಲಿಸಲು ಆಗಲಿಲ್ಲ. ಅಪ್ಪ ಬಿದ್ದಲ್ಲೇ ಮಲಗಿ ಆಕಾಶ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು, ಮಣ್ಣು ಬಿದ್ದಿರಬೇಕು.

ಹಾವು ಬರಲಿಲ್ಲ. ಚೇಳು, ಗಾಜು, ಕರಡಿ, ಜೀಪು ಯಾವುದೂ ಇಲ್ಲ. ಬಂಗಾರವಂತೂ ದೇವರ ದಯೆಯಿಂದ ಸಿಗಲಿಲ್ಲ. ಕೆಟ್ಟದ್ದು ಇಷ್ಟೇ: ಗಂಟು ಬಿಚ್ಚಲಿಲ್ಲ. ಹಸಿ ಮಣ್ಣಿನಲ್ಲಿ ನೆನೆದ ಹಗ್ಗ ಅಪ್ಪ ಜಗ್ಗಿದ ಹೊಡೆತಕ್ಕೆ ಎರಡೂ ಕಡೆ ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ಶಾಂತಕ್ಕನ ಉಗುರು ಮುರಿಯಿತು. ಫಕೀರಪ್ಪ ಕುಡುಗೋಲು ಚಾಚಿದರೆ ಅವ್ವ ಅದಕ್ಕೆ ಕೈ ಅಡ್ಡ ಹಿಡಿದಳು. ಹಗ್ಗ ಖಾಜಾಬಿಯದು, ಕಡಿದು ಗಂಟು ಹಾಕಿದ ಹಗ್ಗ ಬಾವಿಯ ರಾಟಿಯ ಮೇಲೆ ಓಡುವುದಿಲ್ಲ. ಹಾಗಾಗಿ ಇಬ್ಬರೂ ಹಾಗೇ ಊರೊಳಗೆ ನಡೆದು ಬಂದರು, ಮುಂದೆ ಅವ್ವ ಕಿಟ್ಲಿ ಹಿಡಿದು, ಹಿಂದೆ ಅಪ್ಪ ಉಳಿದ ಹಗ್ಗವನ್ನು ತೋಳಿಗೆ ಸುತ್ತಿಕೊಂಡು. ಕಟ್ಟೆಯ ಮೇಲಿದ್ದವರು ಎದ್ದು ನಿಂತರು. ಖಾಜಾಬಿ ಬಾಗಿಲಿಗೆ ಬಂದು ನೋಡಿ, ನಕ್ಕು ಸಾಕಾಗಿ, ಒಣಗಿದ ಮೇಲೆ ತಾನೇ ಸಡಿಲಾಗುತ್ತದೆ, ನಾಳೆ ಕೊಡ್ರಿ ಎಂದು ಹೋದಳು. ಅವ್ವ ಕೈಕಾಲು ತೊಳೆದು ಒಲೆಯ ಮುಂದೆ ಕೂತಳು. ಬಾವಿಹಗ್ಗ ಉದ್ದ ಇರುತ್ತದೆ; ಅಡುಗೆಮನೆಯಿಂದ ನಡುಮನೆ ದಾಟಿ ಪಡಸಾಲೆಯ ಯಂತ್ರದವರೆಗೆ ಆರಾಮಾಗಿ ಬಂತು. ಅಪ್ಪ ಅಲ್ಲಿ ಬೊಬ್ಬೆಯ ಕೈಯಿಂದಲೇ ಯಾರದೋ ಪಾಯಿಜಾಮ ಹೊಲಿಯುತ್ತ ಕೂತ. ಮೊದಲ ರೊಟ್ಟಿ ಹಂಚಿನಿಂದ ಇಳಿದಾಗ ಅವ್ವ ಅವನನ್ನು ಊಟಕ್ಕೆ ಕೂಗಲಿಲ್ಲ. ಹಗ್ಗ ಜಗ್ಗಿದಳು.